ರಾಮದುರ್ಗದ ಟಿವಿ, ಸವದತ್ತಿಯ ಕಾರು

ನಮ್ಮ ತಂದೆಗೆ ಬೈಲಹೊಂಗಲದ ಪೇಟೆಯಲ್ಲಿ ರೇಡಿಯೋ, ಟಿವಿ ರಿಪೇರಿಯ ಅಂಗಡಿ ಇತ್ತು. ಅಂಗಡಿ ಎಂದರೆ ಅರಿವೆ ಅಂಗಡಿಗೂ ಹಿಟ್ಟಿನ ಗಿರಣಿಗೂ ನಡುವೆ ಸಿಕ್ಕಿಕೊಂಡಿದ್ದ ಒಂದು ಸಣ್ಣ ಖೋಲಿ. ಸಾಲೆ ಬಿಟ್ಟೊಡನೆ ನಾನು ಅಲ್ಲಿಗೇ ಹೋಗುತ್ತಿದ್ದೆ. ಗಿರಣಿಯ ಹಿಟ್ಟು ಹಾರಿ ಬಂದು ಬಿಚ್ಚಿಟ್ಟ ಟಿವಿಗಳ ಮೇಲೆ ಕೂರುತ್ತಿತ್ತು. ಅದನ್ನು ಬ್ರಷ್ಷಿನಿಂದ ಝಾಡಿಸುವುದು ನನ್ನ ಕೆಲಸ. ಹಾಗೆ ಝಾಡಿಸುತ್ತಲೇ ಬೆಸುಗೆ ಹಾಕುವುದನ್ನೂ ಕಲಿತೆ. ಹೆಣ್ಣುಮಗಳಿಗೆ ಇದೆಲ್ಲ ಯಾಕೆ ಎಂದು ಗಿರಾಕಿಗಳು ಕೇಳಿದರೆ ತಂದೆ ತಲೆ ಎತ್ತದೆ, "ನನ್ನ ಕೈ ನಡಗತಾವ್ರಿ, ಆಕೀವು ನಡಗಂಗಿಲ್ಲ" ಎನ್ನುತ್ತಿದ್ದರು.

ಗೋಡೆಗೆ ತೂಗುಹಾಕುವ ಚಪ್ಪಟೆ ಟಿವಿಗಳು ಬಂದ ಮೇಲೆ ಅಂಗಡಿ ನಡೆಯಲಿಲ್ಲ. ಜನ ರಿಪೇರಿಗೆ ಕೊಟ್ಟ ಹಳೆಯ ಟಿವಿಗಳನ್ನು ಮರಳಿ ಒಯ್ಯಲು ಬರುವುದನ್ನೇ ಬಿಟ್ಟರು. ತಂದೆ ತೀರಿಕೊಂಡಾಗ ಆ ಖೋಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗುಜರಿಯವನು ಬಂದು ಎಲ್ಲವನ್ನೂ ತೂಕದ ಮೇಲೆ ಕೇಳಿದ. ನನಗೆ ಕೊಡಲು ಮನಸ್ಸಾಗಲಿಲ್ಲ. ಟೆಂಪೋ ಹೇಳಿ ಎಲ್ಲವನ್ನೂ ನಮ್ಮ ಮನೆಯ ಹಿತ್ತಲ ಖೋಲಿಗೆ ತರಿಸಿದೆ. ನಾನು ಬೈಲಹೊಂಗಲದಲ್ಲೇ ಕಾಲೇಜೊಂದರ ಪ್ರಯೋಗಾಲಯದಲ್ಲಿ ಸಹಾಯಕಿ. ಮಧ್ಯಾಹ್ನಕ್ಕೆ ಮನೆ ಸೇರುತ್ತೇನೆ. ಊಟ ಮುಗಿಸಿ ಆ ಖೋಲಿಗೆ ಹೋಗಿ ಒಂದೊಂದನ್ನೇ ಬಿಚ್ಚಿ ಕೂರುವುದು ರೂಢಿಯಾಯಿತು. ಮರದ ಕವಚದವು, ಕಪಾಟಿನಂತೆ ಬಾಗಿಲು ಎಳೆಯುವಂಥವು, ನಾಲ್ಕು ಕಾಲಿನ ಮೇಲೆ ನಿಲ್ಲುವಂಥವು. ಯಜಮಾನರು ಮೊದಮೊದಲು ಗೊಣಗಿದರು, ಆಮೇಲೆ ಸುಮ್ಮನಾದರು.

ಇಂಥ ಹುಚ್ಚಿನವರು ಸುತ್ತಮುತ್ತ ಇನ್ನೂ ಹಲವರಿದ್ದಾರೆ ಎಂದು ಗೊತ್ತಾದದ್ದು ಫೋನಿನ ಒಂದು ಗುಂಪಿನಿಂದ. ಕಿತ್ತೂರಿನ ಹಲ್ಲಿನ ಡಾಕ್ಟರೊಬ್ಬರು ಅದನ್ನು ಮಾಡಿದ್ದರು. ಹಳೆಯ ಕಾರು, ಹಳೆಯ ಜೀಪು, ಗ್ರಾಮಾಫೋನು, ಕ್ಯಾಮರಾ, ಟಿವಿ, ಹೀಗೆ ಏನಾದರೊಂದು ಹಚ್ಚಿಕೊಂಡವರು. ಆಗೊಮ್ಮೆ ಈಗೊಮ್ಮೆ ರವಿವಾರ ಕಿತ್ತೂರಿನ ಕೋಟೆಯ ಹತ್ತಿರ ಸೇರುತ್ತಿದ್ದೆವು. ಕಾರಿನವರು ಸಾಲಾಗಿ ಕಾರು ನಿಲ್ಲಿಸುತ್ತಿದ್ದರು. ಕೋಟೆ ನೋಡಲು ಬಂದವರು ಕೋಟೆ ಬಿಟ್ಟು ಕಾರುಗಳ ಬಾನೆಟ್ಟಿಗೆ ಒರಗಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಮ್ಮ ಮಾತೆಲ್ಲ ಒಂದೇ. ಆಗಿನ ಕಾಲದ ತಗಡು ಎಂಥದ್ದು, ಆಗಿನ ಧ್ವನಿ ಎಂಥದ್ದು, ಆಗ ಜನ ಹೇಗೆ ಕೂಡಿ ಕೂತು ನೋಡುತ್ತಿದ್ದರು. ಹಳೆಯ ಕಾಲದ ಬಗ್ಗೆ ಮಾತಾಡಿದಷ್ಟೂ ನಮಗೆ ಹಸಿವಾಗುತ್ತಿತ್ತು. ಕೊನೆಗೆ ಮಿರ್ಚಿ ಭಜಿ ತಿಂದು ಚದುರುತ್ತಿದ್ದೆವು.

ಆ ಗುಂಪಿನಲ್ಲೇ ನನಗೆ ಎಲ್ಲರೂ ಅಣ್ಣಾರು ಎಂದು ಕರೆಯುವ ಸವದತ್ತಿಯವರೊಬ್ಬರ ಪರಿಚಯವಾದದ್ದು. ಅರವತ್ತು ದಾಟಿದ ಮನುಷ್ಯ, ಎತ್ತರದ ಆಳು. ಉಗರಗೋಳದಲ್ಲಿ ದೇವಿಯ ಗುಡ್ಡಕ್ಕೆ ಬರುವ ಭಕ್ತರಿಗೆ ಕುಂಕುಮ, ಅರಿಸಿನದ ಭಂಡಾರ, ಕಾಯಿ, ಹಸಿರು ಬಳೆ ಮಾರುವ ಅಂಗಡಿ ಅವರದು. ಅಂಗಡಿಯನ್ನು ಮಗ ನೋಡಿಕೊಳ್ಳುತ್ತಿದ್ದ. ಮನೆ ಸವದತ್ತಿಯಲ್ಲಿ. ಅವರ ಹತ್ತಿರ ಅವರ ತಂದೆಯ ಕಾಲದ ಕಪ್ಪು ಅಂಬಾಸಿಡರ್ ಇತ್ತು. ಹಿಂದೆ ಅದು ಭಕ್ತರನ್ನು ಗುಡ್ಡಕ್ಕೆ ಏರಿಸುವ ಬಾಡಿಗೆ ಕಾರಾಗಿತ್ತಂತೆ. ಈಗ ಅದಕ್ಕೆ ಕನ್ನಡಿಯಂಥ ಹೊಳಪು. ಸೀಟಿಗೆ ರಾಮದುರ್ಗದ ನೇಕಾರರಿಂದ ನೇಯಿಸಿದ ಪಟ್ಟೆಯ ಬಟ್ಟೆ.

ಅವರು ಮೊದಲ ಸಲ ನಮ್ಮ ಮನೆಗೆ ಬಂದದ್ದು ಕಾರಿನ ರೇಡಿಯೋ ಸರಿಮಾಡಿಸಲು. ಜೊತೆಗೆ ಹೆಂಡತಿಯೂ ಬಂದಿದ್ದರು. ನಮ್ಮ ಕಡೆ ಅತ್ತಿಗೆಗೆ ಅನ್ನುವ ಹಾಗೆ ನಾನು ಅವರನ್ನು ವೈನಿ ಎಂದು ಕರೆದೆ. ಅಡುಗೆಮನೆಗೆ ಸೀದಾ ಬಂದು ಕೂತು, ನಾನು ಹೆಚ್ಚುತ್ತಿದ್ದ ಬದನೆಕಾಯಿಯನ್ನು ಕೈಯಿಂದ ಕಸಿದುಕೊಂಡು ತಾವೇ ಹೆಚ್ಚತೊಡಗಿದರು.

"ನಿಮ್ಮ ಅಣ್ಣಾರಿಗೆ ಅದು ಗಾಡಿ ಅಲ್ಲವಾ, ಹಿರೇ ಸೊಸಿ," ಎಂದರು. "ಅದು ಉಂಡ ಮ್ಯಾಲ ನಮ್ಮ ಊಟ. ನನ್ನ ನೋಡಾಕ ರಾಮದುರ್ಗಕ್ಕ ಬಂದಾಗ ಒಳಗ ಕುಂತಿದ್ದು ಅರ್ಧ ತಾಸು. ಅದರಾಗ ನಾಕ ಸಲ ಹೊರಗ ಎದ್ದು ಹೋದ್ರು. ನಾ ಏನೋ ನಾಚಿಕಿ ಅಂತ ತಿಳದಿದ್ದೆ. ಹುಡುಗರು ಗಾಡಿ ಮುಟ್ಟತಾವೇನೋ ಅಂತ ನೋಡಾಕ ಹೋಗತಿದ್ರಂತ."

ಹೊರಗಿನಿಂದ ಅಣ್ಣಾರು, "ಇಪ್ಪತ್ತು ವರಷ ಆತು, ಅದನ್ನ ಹೇಳತಾಳ" ಎಂದರು.

"ಇಪ್ಪತ್ತಲ್ಲ, ಮೂವತ್ತರ ಮ್ಯಾಲಾತು. ಗಾಡೀದಾದ್ರ ಎಣಿಕಿ ಬರೊಬ್ಬರಿ ಇರತೈತಿ," ಎಂದು ವೈನಿ ನಕ್ಕರು. ಅವರು ನಕ್ಕರೆ ಹೆಗಲೆರಡೂ ಕುಣಿಯುತ್ತಿದ್ದವು.

ಆಮೇಲೆ ನಮ್ಮ ಹೋಗಿಬರುವುದು ಬೆಳೆಯಿತು. ಸವದತ್ತಿಗೆ ಹೋದರೆ ವೈನಿ ಊಟ ಮಾಡಿಸದೆ ಬಿಡುತ್ತಿರಲಿಲ್ಲ. ನನಗೆ ಅಕ್ಕ ಇಲ್ಲ. ಅವರ ಮನೆಯಿಂದ ಸಜ್ಜಿ ರೊಟ್ಟಿಯ ಗಂಟು ಹಿಡಿದು ಬಸ್ಸು ಹತ್ತುವಾಗ ತವರಿನಿಂದ ಹೊರಟಂತೆ ಅನಿಸುತ್ತಿತ್ತು.

ವೈನಿಗೆ ಮರೆವು ಶುರುವಾದದ್ದನ್ನು ಮೊದಲು ಗಮನಿಸಿದವನು ಮಗ. ಹುಣ್ಣಿಮೆಯ ಗದ್ದಲದಲ್ಲಿ ಅಂಗಡಿಗೆ ಸಹಾಯಕ್ಕೆಂದು ಬಂದಿದ್ದ ತಾಯಿ, ಕಾಯಿ ಕೊಂಡು ನಿಂತ ಭಕ್ತರಿಗೇ ಮತ್ತೆ ಮತ್ತೆ "ಕಾಯಿ ತಗೋರಿ" ಎನ್ನುತ್ತಿದ್ದರಂತೆ. ನಂತರ ಒಂದು ದಿನ ನಿತ್ಯ ಓಡಾಡುವ ದಾರಿಯಲ್ಲೇ ಮನೆ ಯಾವ ಕಡೆ ಎಂದು ತಿಳಿಯದೆ ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ಕೂತುಬಿಟ್ಟಿದ್ದರು. ಧಾರವಾಡದ ಡಾಕ್ಟರು ತಲೆಯ ಚಿತ್ರ ತೆಗೆಸಿ, ಮಾತ್ರೆ ಕೊಟ್ಟು, ಇದು ಇಳಿಯುವ ರೋಗವಲ್ಲ, ನಿಧಾನ ಮಾಡಬಹುದಷ್ಟೇ ಎಂದರು. ಅಣ್ಣಾರು ಫೋನಿನಲ್ಲಿ ನನಗೆ ಇಷ್ಟೇ ಹೇಳಿದರು: "ತಂಗಿ, ಆಕಿಗೆ ಹೊಸಾದು ಏನೂ ಉಳಿಯಾಕ ಒಲ್ಲದು. ಹಳೇದು ಎಲ್ಲಾ ನೆಟ್ಟಗ ಐತಿ."

ಹಳೆಯದು ನಿಜಕ್ಕೂ ನೆಟ್ಟಗಿತ್ತು. ರಾಮದುರ್ಗದ ಓಣಿ, ಅಲ್ಲಿನ ಮಗ್ಗದ ಸಪ್ಪಳ, ನೂಲಿಗೆ ಗಂಜಿ ಹಚ್ಚುವ ವಾಸನೆ, ತಂದೆ ಊಟಕ್ಕೆ ಬರುವ ಹೊತ್ತು, ಎಲ್ಲವೂ. ಸಂಜೆಯಾದರೆ ಅವರಿಗೆ ತಳಮಳ ಹತ್ತುತ್ತಿತ್ತು. ಗೋಡೆಯ ಮೇಲಿನ ದೊಡ್ಡ ಟಿವಿಯ ಮುಂದೆ ಹೋಗಿ ನಿಂತು, ಅದರ ಬಲಗಡೆಯ ಅಂಚಿನ ಹತ್ತಿರ ಬೆರಳು ಮಡಚಿ ಏನನ್ನೋ ತಿರುವುತ್ತಿದ್ದರು. ಅಲ್ಲಿ ತಿರುವಲು ಏನೂ ಇರಲಿಲ್ಲ. ನಾನೇ ಒಮ್ಮೆ ಕಣ್ಣಾರೆ ನೋಡಿದೆ. ಬೆರಳುಗಳು ಖಾಲಿ ಗಾಳಿಯನ್ನು ಟಕ್ ಟಕ್ ಎಂದು ತಿರುವುತ್ತಿದ್ದವು, ಕಣ್ಣು ಪರದೆಯ ಮೇಲಿತ್ತು. ಸೊಸೆ ರಿಮೋಟು ಒತ್ತಿ ಧಾರಾವಾಹಿ ಹಾಕಿದರೆ, "ಇದಲ್ಲವಾ, ಇದು ಯಾರ ಮನೀದು" ಎಂದು ಬೆನ್ನು ತಿರುಗಿಸುತ್ತಿದ್ದರು.

ಅಣ್ಣಾರು ನನ್ನನ್ನು ಅಂಗಳಕ್ಕೆ ಕರೆದರು.

"ಅವರ ಅಪ್ಪ ಓಣಿಗೇ ಮೊದಲ ಟಿವಿ ತಂದಿದ್ದ. ಬಾಗಲಾ ಎಳಿಯೋದು, ಕಟಗೀದು. ಮನಿ ಮಂದ್ಯಾಗ ಆಕಿಗೆ ಮಾತ್ರ ಅದನ್ನ ಮುಟ್ಟಾಕ ಬಿಡತಿದ್ದ. ಅಂಥಾದು ನಿನ್ನ ಹತ್ರ ಅದ ಏನ ತಂಗಿ?"

ಇತ್ತು. ಹಿತ್ತಲ ಖೋಲಿಯ ಮೂಲೆಯಲ್ಲಿ, ತಂದೆಯ ಕಾಲದಲ್ಲೇ ಸತ್ತುಹೋಗಿದ್ದ ಒಂದು ಕಪ್ಪು ಬಿಳುಪಿನ ಟಿವಿ. ಎರಡೂ ಬದಿಯಿಂದ ಎಳೆದು ಮುಚ್ಚುವ ಬಾಗಿಲು, ಬಲಗಡೆಗೆ ಹಿಡಿ ತುಂಬುವಂಥ ದಪ್ಪ ಗುಂಡಿ. ನಾನು ಅದನ್ನು ಮೇಜಿನ ಮೇಲೆ ಎತ್ತಿಟ್ಟೆ. ಪರದೆಗೆ ಬೇಕಾದ ಭಾರೀ ವಿದ್ಯುತ್ತನ್ನು ಹುಟ್ಟಿಸುವ ಸುರುಳಿ ಸುಟ್ಟುಹೋಗಿತ್ತು. ಹುಬ್ಬಳ್ಳಿಯ ಹಳೆಯ ಸಾಮಾನಿನ ಪೇಟೆ ಅಲೆದು ಬೇರೆಯದನ್ನು ತಂದು ಕೂರಿಸಿದೆ. ಬೆಳಕು ಬಂತು. ಆದರೆ ಹಿಡಿಯಲು ಏನೂ ಇರಲಿಲ್ಲ. ಮನೆಯ ಮೇಲಿನ ಆ್ಯಂಟೆನಾಗೆ ಸೀದಾ ಸಿಗುತ್ತಿದ್ದ ಸರಕಾರಿ ಪ್ರಸಾರ ಕೆಲವು ವರ್ಷಗಳ ಹಿಂದೆಯೇ ನಿಂತುಹೋಗಿತ್ತು. ಪರದೆಯ ತುಂಬ ಬರೀ ನೊರೆ. ತಂದೆ ರಿಪೇರಿಯಾದ ಟಿವಿಗಳನ್ನು ಪರೀಕ್ಷಿಸಲು ಇಟ್ಟುಕೊಂಡಿದ್ದ ಒಂದು ಕ್ಯಾಸೆಟ್ಟು ನೆನಪಾಯಿತು. ಅದರಲ್ಲಿ ಆಗಿನ ಸಂಜೆಯ ಕಾರ್ಯಕ್ರಮ ತುಂಬಿಸಿದ್ದರು: ರೈತರಿಗೆ ಜೋಳದ ರೋಗದ ಬಗ್ಗೆ ಹೇಳುವ ಒಬ್ಬರು, ಸಿತಾರು ನುಡಿಸುವ ಒಬ್ಬರು, ಹಿಂದಿ ವಾರ್ತೆ. ಕ್ಯಾಸೆಟ್ಟು ಓಡಿಸುವ ಪೆಟ್ಟಿಗೆಯನ್ನು ಟಿವಿಯ ಬೆನ್ನಿಗೆ ಜೋಡಿಸಿದೆ. ಜೋಳದ ರೋಗದವರು ಬಂದರು. ಖೋಲಿಯಲ್ಲಿ ಬೆಚ್ಚಗಾದ ಧೂಳಿನ ವಾಸನೆ ಹರಡಿತು.

ಅಣ್ಣಾರು ಕಾರು ತಂದು ಟಿವಿಯನ್ನು ಹಿಂದಿನ ಸೀಟಿನಲ್ಲಿ ಹಾಸಿಗೆ ಹಾಸಿ ಇರಿಸಿಕೊಂಡರು. ನಾನೂ ಜೊತೆಗೆ ಹೋದೆ. ಅವರ ಪಡಸಾಲೆಯಲ್ಲಿ ಚಪ್ಪಟೆ ಟಿವಿಯನ್ನು ಇಳಿಸಿ, ಅದೇ ಜಾಗದಲ್ಲಿ ಒಂದು ಸ್ಟೂಲಿನ ಮೇಲೆ ಇದನ್ನು ಇಟ್ಟು, ಕ್ಯಾಸೆಟ್ಟಿನ ಪೆಟ್ಟಿಗೆಯನ್ನು ಹಿಂದೆ ಜೋಡಿಸಿ ಓಡಿಸಿದೆವು. ವೈನಿ ಅಡುಗೆಮನೆಯಿಂದ ಸೆರಗಿಗೆ ಕೈ ಒರೆಸುತ್ತ ಬಂದರು. ನಿಂತರು. ಯಾರೂ ಏನೂ ಹೇಳದೆ ಅವರೇ ಬಾಗಿಲು ಎರಡನ್ನೂ ಎಳೆದರು, ಗುಂಡಿ ಹಿಡಿದು ಪಟಪಟ ಮುಂದೆ ತಿರುವಿ, ಮತ್ತೆ ಒಂದು ಹಿಂದಕ್ಕೆ ತಂದರು. ಚಿತ್ರ ಮೂಡಿತು.

"ಬಂತು," ಎಂದರು. ಆಮೇಲೆ ಬಾಗಿಲ ಕಡೆ ತಿರುಗಿ, "ಬರ್ರಿ, ಕುಂದರ್ರಿ, ಚಾಲೂ ಆಗೇತಿ. ಏ ಹುಡುಗಿ, ಜಮಖಾನಿ ಹಾಸು, ಮಂದಿ ಬರತಾರ" ಎಂದು ಸೊಸೆಗೆ ಹೇಳಿದರು. ಸೊಸೆ ಜಮಖಾನೆ ಹಾಸಿದಳು. ನಾವೆಲ್ಲ ನೆಲದ ಮೇಲೆ ಕೂತೆವು. ಅಣ್ಣಾರು ಕಂಬಕ್ಕೆ ಒರಗಿ ಕೂತು ಟಿವಿ ನೋಡುವುದು ಬಿಟ್ಟು ಹೆಂಡತಿಯ ಮುಖವನ್ನೇ ನೋಡುತ್ತಿದ್ದರು.

ಒಂದಷ್ಟು ದಿನ ಆ ಮನೆಯಲ್ಲಿ ಸಮಾಧಾನವಿತ್ತು. ಸಂಜೆಯ ತಳಮಳ ನಿಂತಿತು. ಅಣ್ಣಾರು ಗುಂಪಿಗೆ ಒಂದು ವಿಡಿಯೋ ಹಾಕಿದರು: ವೈನಿ ಗುಂಡಿ ತಿರುವುವುದು, ನಗುವುದು. ಎಲ್ಲರೂ ಕೈ ಮುಗಿದ ಚಿತ್ರಗಳನ್ನು ಕಳಿಸಿದರು. ಹಳೆಯದರಲ್ಲೇ ಔಷಧ ಇದೆ ಎಂದು ಹಲ್ಲಿನ ಡಾಕ್ಟರು ಬರೆದರು. ನನಗೂ ಹಾಗೇ ಅನಿಸಿತ್ತು.

ಆದರೆ ನಾನು ಮುಂದೊಮ್ಮೆ ಹೋದಾಗ ಅಣ್ಣಾರು ಅಂಗಳದಲ್ಲಿ ಕಾರಿನ ಒಳಗೆ ಕೂತಿದ್ದರು. ಬಿಸಿಲಿತ್ತು. ಕಾರಿನ ಗಾಜು ಇಳಿಸಿ, ಕೈಯನ್ನು ಹೊರಗೆ ಹಾಕಿ ಸುಮ್ಮನೆ ಕೂತಿದ್ದರು.

"ಒಳಗ ಬರಂಗಿಲ್ಲೇನ್ರಿ ಅಣ್ಣಾರ?"

"ನೀ ಹೋಗು. ನಾ ಆಮ್ಯಾಲ ಬರತೇನಿ."

ಒಳಗೆ ವೈನಿ ಟಿವಿಯ ಮುಂದೆ ಕೂತಿದ್ದರು. ನನ್ನ ಕೈ ಹಿಡಿದು ಹತ್ತಿರ ಎಳೆದುಕೊಂಡರು. ದನಿ ತಗ್ಗಿಸಿ, "ಹೊರಗ ಒಬ್ಬಾಂವ ಕುಂತಾನ ನೋಡು. ದಿನಾ ಬರತಾನ. ಪಡಸಾಲ್ಯಾಗ ಬಂದು ಕುಂದರತಾನ. ಅಪ್ಪಾ ಮನ್ಯಾಗ ಇಲ್ಲದಾಗ ಹಂಗ ಬರೂದು ಸರಿ ಅಲ್ಲ. ನಾ ಹೇಳಿದರ ಕೆಟ್ಟ ಕಾಣತೈತಿ, ನೀ ಹೇಳು" ಎಂದರು.

ಟಿವಿ ವೈನಿಯನ್ನು ಎಲ್ಲಿಗೆ ಕರೆದೊಯ್ದಿತ್ತು ಎಂಬುದು ಆಗ ತಿಳಿಯಿತು. ರಾಮದುರ್ಗದ ಆ ಪಡಸಾಲೆಗೆ ಟಿವಿ ಬಂದಾಗ ಅವರ ಮದುವೆ ಆಗಿರಲಿಲ್ಲ. ಆ ಕಾಲದಲ್ಲಿ ಅಣ್ಣಾರು ಎಲ್ಲೂ ಇರಲಿಲ್ಲ. ಮಗನೂ ಇರಲಿಲ್ಲ, ಸವದತ್ತಿಯೂ ಇರಲಿಲ್ಲ. ಮಗನನ್ನು ಅವರು ಕಾಕಾನ ಮಗ ಎಂದುಕೊಂಡಿದ್ದರು, ಸೊಸೆಯನ್ನು ನೆರೆಮನೆಯ ಹುಡುಗಿ ಎಂದು. ನನ್ನನ್ನು ತಂಗಿ ಎಂದು. ಅವರ ಖರೆ ತಂಗಿ ಮದುವೆಗೆ ಮುಂಚೆಯೇ ಕಾಮಾಲೆಯಿಂದ ತೀರಿಕೊಂಡಿದ್ದಳಂತೆ. ಎಲ್ಲರಿಗೂ ಅಲ್ಲಿ ಏನೋ ಒಂದು ಜಾಗ ಸಿಕ್ಕಿತ್ತು. ಅಣ್ಣಾರಿಗೆ ಮಾತ್ರ ಸಿಕ್ಕಿರಲಿಲ್ಲ.

ಹೊರಗೆ ಬಂದು ಕಾರಿನ ಹತ್ತಿರ ನಿಂತೆ. ಟಿವಿ ತೆಗೆದುಬಿಡೋಣವೇ ಎಂದು ಕೇಳಿದೆ.

"ತಗದು ನೋಡೇನಿ," ಎಂದರು. "ಎಲ್ಲಿ ಒಯ್ದರಿ ಅಂತ ಅತ್ತಳು. ಸಣ್ಣ ಹುಡುಗ್ಯಾರ ಗತೆ ಅತ್ತಳು. ಮತ್ತ ಇಟ್ಟೆ. ಇರಲಿ ಬಿಡು. ಆಕಿ ಸಮಾಧಾನ ಇದ್ದರ ಸಾಕು. ನಂದೇನು, ಇಲ್ಲಿ ಕುಂದರತೇನಿ."

ಗುಂಪಿನಲ್ಲಿ ನಾವು ಹಳೆಯ ದಿನಗಳು ಮರಳಿ ಬರಬಾರದೇ ಎಂದು ಎಷ್ಟು ಸಲ ಬರೆದುಕೊಂಡಿದ್ದೆವೋ. ಆ ಅಂಗಳದಲ್ಲಿ ನಿಂತಾಗ ಆ ಮಾತು ಇನ್ನೊಮ್ಮೆ ನನ್ನ ಬಾಯಿಂದ ಬರಲಾರದು ಅನಿಸಿತು. ನಾವು ಬೇಕಾದಾಗ ಆ ದಿನಗಳಿಗೆ ಹೋಗಿ ಬೇಸರವಾದಾಗ ಮರಳುತ್ತಿದ್ದೆವು. ವೈನಿಗೆ ಮರಳುವ ದಾರಿ ಇರಲಿಲ್ಲ.

ಶ್ರಾವಣದ ಮೊದಲಿಗೆ ಅವರದು ಒಂದೇ ಹಟವಾಯಿತು, ಊರಿಗೆ ಹೋಗಬೇಕು, ಅಪ್ಪ ಕಾಯುತ್ತಿದ್ದಾನೆ. ಊಟ ಬಿಟ್ಟರು. ಅಣ್ಣಾರು ನನಗೆ ಫೋನು ಮಾಡಿದರು.

"ಒಮ್ಮೆ ಕರಕೊಂಡು ಹೋಗಿ ಬರತೇನಿ ತಂಗಿ. ಆದ್ರ ನಾ ಒಬ್ಬಾಂವ ಆದ್ರ ಆಕಿ ಗಾಡಿ ಹತ್ತಂಗಿಲ್ಲ. ನೀ ಜೋಡಿ ಇದ್ದರ ಬರತಾಳ."

ನಾನು ರಜೆ ಹಾಕಿ ಹೋದೆ. ಸೊಸೆ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ, ಮೊಸರು ಕಟ್ಟಿಕೊಟ್ಟಳು. ವೈನಿ ಇಳಕಲ್ ಸೀರೆ ಉಟ್ಟು ತಯಾರಾಗಿದ್ದರು. ಅಂಗಳಕ್ಕೆ ಬಂದು ಕಾರನ್ನೂ, ಅದರ ಬಾಗಿಲು ತೆರೆದು ಹಿಡಿದು ನಿಂತ ಅಣ್ಣಾರನ್ನೂ ನೋಡಿದರು. ಮುಖದಲ್ಲಿ ಒಂದು ಗಳಿಗೆ ಸಂಶಯ. ನಂತರ ನನ್ನನ್ನು ಕೇಳಿದರು, "ಬಾಡಿಗಿ ಗಾಡಿ ಹೇಳೀರೇನು?"

ಅಣ್ಣಾರೇ ಮುಂದೆ ಬಂದು, "ಹೌದ್ರಿ ಅಕ್ಕಾರ. ಕುಂದರ್ರಿ" ಎಂದರು.

ಹೀಗೆ ಅವರು ಡ್ರೈವರ್ ಆದರು.

ಮುನವಳ್ಳಿಯ ಮೇಲೆ ಹಾಯ್ದು ಹೋದೆವು. ಹೊಳೆ ತುಂಬಿ ಕೆಂಪಾಗಿತ್ತು. ರಸ್ತೆಯ ಎರಡೂ ಬದಿ ಗೋವಿನಜೋಳ ಎದೆಯೆತ್ತರ ಬೆಳೆದಿತ್ತು. ಮೋಡ ಕವಿದು ಬೆಳಕು ಮಂಕಾಗಿತ್ತು, ಮಳೆ ಮಾತ್ರ ಬೀಳಲಿಲ್ಲ. ವೈನಿ ಕಿಟಕಿಯ ಹತ್ತಿರ ಕೂತು ಎದುರು ಬಂದ ಲಾರಿಗಳಿಗೆಲ್ಲ ಹೆದರುತ್ತಿದ್ದರು. "ಡ್ರೈವರ್, ಸಾವಕಾಶ ಹೊಡೀರಿ. ನಮಗೇನು ಗಡಿಬಿಡಿ ಇಲ್ಲ," ಎಂದರು. "ಆತ್ರಿ" ಎಂದು ಅಣ್ಣಾರು ವೇಗ ತಗ್ಗಿಸಿದರು. ಮುಂದಿನ ಕನ್ನಡಿಯಲ್ಲಿ ಅವರ ಕಣ್ಣು ಕಾಣುತ್ತಿತ್ತು. ನಾನು ಆ ಕಡೆ ನೋಡದೆ ಹೊಲ ನೋಡುತ್ತ ಕೂತೆ.

ರಾಮದುರ್ಗದಲ್ಲಿ ಆ ಓಣಿಯ ತಲೆಗೆ ಕಾರು ನಿಲ್ಲಿಸಿದರು. ವೈನಿಯ ಅಣ್ಣತಮ್ಮಂದಿರು ಆ ಮನೆಯನ್ನು ಮಾರಿ ಎಷ್ಟೋ ಕಾಲವಾಗಿತ್ತು. ಈಗ ಅಲ್ಲಿ ಕೆಳಗೆ ಮೊಬೈಲ್ ಅಂಗಡಿ, ಮೇಲೆ ಟ್ಯೂಷನ್ ನಡೆಸುವ ಖೋಲಿ. ನಾನು ಕೈ ಹಿಡಿದು ಇಳಿಸಿದೆ. ಅವರು ಅಂಗಡಿಯ ಗಾಜನ್ನು ನೋಡಿದರು, ಮೇಲೆ ನೋಡಿದರು, ಹಿಂದಿನ ದಾರಿ ನೋಡಿದರು. ಮಗ್ಗದ ಸಪ್ಪಳಕ್ಕೆ ಕಿವಿಗೊಟ್ಟರೋ ಏನೋ, ಸ್ವಲ್ಪ ಹೊತ್ತು ತಲೆ ಓರೆ ಮಾಡಿ ನಿಂತರು. ಅಂಗಡಿಯಿಂದ ಒಂದು ಹಾಡು ಜೋರಾಗಿ ಕೇಳುತ್ತಿತ್ತು.

"ಇದಲ್ಲ," ಎಂದರು. "ಇನ್ನೂ ಮುಂದ ಐತಿ."

ಮುಂದೆ ಹೋದೆವು. ಇನ್ನೊಂದು ಓಣಿ. ಅದೂ ಅಲ್ಲ. ಪೇಟೆ, ಬಸ್‌ಸ್ಟ್ಯಾಂಡು, ಮತ್ತೆ ಪೇಟೆ. "ಡ್ರೈವರ್‌ಗೆ ಊರು ಗೊತ್ತಿಲ್ಲ ಕಾಣತೈತಿ" ಎಂದು ನನ್ನ ಕಿವಿಯಲ್ಲಿ ಹೇಳಿದರು. ಕೊನೆಗೆ ಊರು ಮುಗಿದು ಹೊಳೆಯ ಸೇತುವೆಯ ಹತ್ತಿರ ಬಂದೆವು. ಅಣ್ಣಾರು ಒಂದು ಬೇವಿನ ಗಿಡದ ಕೆಳಗೆ ಕಾರು ನಿಲ್ಲಿಸಿ, "ಉಂಡು ಹೋಗೋಣ್ರಿ. ಗಾಡಿ ಕಾದೈತಿ, ಆರಬೇಕು" ಎಂದರು. ಗಾಡಿ ಕಾದಿರಲಿಲ್ಲ.

ಜಮಖಾನೆ ಹಾಸಿ ಬುತ್ತಿ ಬಿಚ್ಚಿದೆ. ಎಷ್ಟೋ ದಿನದ ಮೇಲೆ ವೈನಿ ತಾವಾಗಿ ರೊಟ್ಟಿ ಮುರಿದು ಬಾಯಿಗಿಟ್ಟರು. ಅಣ್ಣಾರು ದೂರ ಬಾನೆಟ್ಟಿಗೆ ಒರಗಿ ನಿಂತಿದ್ದರು.

"ಅವರಿಗೂ ಕೊಡು," ಎಂದರು ವೈನಿ. "ಮುಂಜಾನಿಂದ ಗಾಡಿ ಹೊಡಿಯಾಕತ್ತಾರ. ಹಸದಿರತಾರ."

ಎರಡು ರೊಟ್ಟಿಯ ಮೇಲೆ ತಾವೇ ಚಟ್ನಿ, ಎಣ್ಣೆಗಾಯಿ ಹಾಕಿ, ಮೊಸರು ಸುರಿದು ಕೊಟ್ಟರು. ಅಣ್ಣಾರು ಬಂದು ಎರಡೂ ಕೈಯಿಂದ ಇಸಿದುಕೊಂಡು, ಜಮಖಾನೆಯ ಅಂಚಿನಾಚೆ ನೆಲದ ಮೇಲೆ ಕೂತರು.

"ನಿಮ್ಮದು ಯಾವೂರ್ರಿ?" ವೈನಿ ಕೇಳಿದರು.

"ಸವದತ್ತಿ."

ವೈನಿಯ ಮುಖ ಅರಳಿತು. ನನ್ನ ಕಡೆ ಒಮ್ಮೆ ನೋಡಿ, ಸೆರಗು ಸರಿಮಾಡಿಕೊಂಡರು. "ಸವದತ್ತ್ಯಾಗ ನಮಗ ಒಂದು ಮನಿ ನೋಡ್ಯಾರ. ಗುಡ್ಡದ ಕೆಳಗ ಕಾಯಿ ಅಂಗಡಿ ಐತಂತ. ಹುಡುಗಗ ಗಾಡಿ ಹುಚ್ಚಂತ. ನಿಮಗ ಗೊತ್ತೇನ್ರಿ ಅವರು?"

ಅಣ್ಣಾರ ಕೈಯಲ್ಲಿನ ತುತ್ತು ಅಲ್ಲೇ ನಿಂತಿತು.

"ಗೊತ್ತದಾರ್ರಿ."

"ಹೆಂಗ, ಒಳ್ಳೇವರೇನು?"

ಅವರು ತುತ್ತನ್ನು ಮತ್ತೆ ರೊಟ್ಟಿಯ ಮೇಲೆ ಇಳಿಸಿದರು. "ಕೆಟ್ಟಾಂವ ಏನಲ್ಲರಿ," ಎಂದರು. "ಕುಡಿಯಂಗಿಲ್ಲ, ಬೈಯಂಗಿಲ್ಲ. ಆದ್ರ ಗಾಡಿ ಮ್ಯಾಲ ಭಾಳ ಜೀವ. ಮನಿ ಕಡಿ ಲಕ್ಷ್ಯ ಕಡಿಮಿ. ಹೇಳಿದ್ದು ತಡಾ ತಿಳೀತೈತಿ ಅವಂಗ."

"ಹಂಗಾರ ಒಲ್ಲೆ ಅಂತ ಹೇಳಲೇನು?"

ವೈನಿ ಅದನ್ನು ನಿಜಕ್ಕೂ ತಿಳಿದುಕೊಳ್ಳಲು ಕೇಳಿದ್ದರು. ಅವರ ದನಿಯಲ್ಲಿ ಹಾಸ್ಯ ಇರಲಿಲ್ಲ. ನಾನು ಬುತ್ತಿಯ ಅರಿವೆಯನ್ನು ಸುಮ್ಮನೆ ಮಡಚಿ ಬಿಚ್ಚಿ ಮಾಡುತ್ತಿದ್ದೆ.

"ಅದು ನಿಮ್ಮ ಮನಸ್ರಿ ಅಕ್ಕಾರ," ಎಂದರು ಅಣ್ಣಾರು. "ನಾ ಹೆಂಗ ಹೇಳಲಿ."

"ನೋಡೂಣು," ಎಂದರು ವೈನಿ. "ಅಪ್ಪನ್ನ ಕೇಳತೇನಿ."

ಅಣ್ಣಾರು ಊಟ ಮುಗಿಸಿ ಹೊಳೆಯ ದಂಡೆಗೆ ಇಳಿದರು. ಕೈ ತೊಳೆಯಲು ಅಷ್ಟು ಹೊತ್ತು ಬೇಕಿರಲಿಲ್ಲ. ಬಂದಾಗ ಮುಖಕ್ಕೂ ನೀರು ಹಾಕಿಕೊಂಡಿದ್ದರು. ಮರಳಿ ಬರುವಾಗ ವೈನಿ ನನ್ನ ಹೆಗಲ ಮೇಲೆ ನಿದ್ದೆ ಹೋದರು. ಸವದತ್ತಿಯ ಅಂಗಳದಲ್ಲಿ ಎಚ್ಚರವಾಗಿ, ಇದು ನಮ್ಮ ಮನೆಯಲ್ಲ, ಇಳಿಯುವುದಿಲ್ಲ ಎಂದು ಕೂತುಬಿಟ್ಟರು. ಮಗ ಬಂದು, "ಬಾ, ಅಪ್ಪಾ ಒಳಗ ಅದಾನ" ಎಂದು ಸುಳ್ಳು ಹೇಳಿ ಇಳಿಸಿಕೊಂಡು ಹೋದ. ಒಂದು ಲೆಕ್ಕಕ್ಕೆ ಅದು ಸುಳ್ಳೂ ಅಲ್ಲ. ಅವನ ಅಪ್ಪ ಅಲ್ಲೇ ಬಾಗಿಲು ಹಿಡಿದು ನಿಂತಿದ್ದರು.

ಆಮೇಲೆ ರೋಗ ಬೇಗ ಬೇಗ ಇಳಿಜಾರು ಹಿಡಿಯಿತು. ವೈನಿ ರಾಮದುರ್ಗವನ್ನೂ ಮರೆತರು. ಟಿವಿ ಹಚ್ಚಿದರೂ ಅಷ್ಟೇ, ಆರಿಸಿದರೂ ಅಷ್ಟೇ. ನಾನು ಹೋದರೆ ತಂಗಿ ಎಂದೂ ಕರೆಯುತ್ತಿರಲಿಲ್ಲ. ಅಣ್ಣಾರಿಗೆ ಇದರಿಂದ ಒಂದು ಅನುಕೂಲವಾಯಿತು, ಹಾಗೆಂದು ಹೇಳಬಹುದಾದರೆ. ಈಗ ಅವರು ಒಳಗೆ ಬಂದು ಹತ್ತಿರ ಕೂತರೆ ವೈನಿ ಬೇಡ ಎನ್ನುತ್ತಿರಲಿಲ್ಲ. ಅನ್ನ ಕಲಸಿ ತುತ್ತು ಮಾಡಿ ಬಾಯಿಗೆ ಕೊಡುವುದು, ತಲೆ ಬಾಚುವುದು, ಎಲ್ಲವನ್ನೂ ಅವರೇ ಮಾಡತೊಡಗಿದರು. ಸೊಸೆ ಬಂದರೆ, "ನೀ ಬಿಡವಾ, ನನಗ ಬರತೈತಿ" ಎನ್ನುತ್ತಿದ್ದರು. ಒಮ್ಮೆ ನಾನಿದ್ದಾಗ ವೈನಿಯ ಹೆಳಲು ಹಾಕುತ್ತಿದ್ದರು. ಮೂರು ಎಳೆ ಸಮ ಬರದೆ ಮತ್ತೆ ಬಿಚ್ಚಿ ಮತ್ತೆ ಹೆಣೆಯುತ್ತಿದ್ದರು. ವೈನಿ ಗೋಡೆ ನೋಡುತ್ತ ಸುಮ್ಮನೆ ತಲೆ ಕೊಟ್ಟು ಕೂತಿದ್ದರು.

ಚಳಿಗಾಲದಲ್ಲಿ ಜ್ವರ ಬಂತು, ಎದೆಯಲ್ಲಿ ಕಫ ಕಟ್ಟಿತು. ನುಂಗುವುದು ನಿಂತಿತು. ಧಾರವಾಡಕ್ಕೆ ಒಯ್ಯುವುದೋ ಬೇಡವೋ ಎಂದು ಮಾತಾಡುತ್ತಿದ್ದಾಗಲೇ ಒಂದು ಮುಂಜಾನೆ ಹೋಗಿಬಿಟ್ಟರು. ಮಣ್ಣಿಗೆ ನಾನೂ ಯಜಮಾನರೂ ಹೋಗಿದ್ದೆವು. ಗುಂಪಿನವರು ಹಲವರು ಬಂದಿದ್ದರು, ಎಲ್ಲರೂ ಹೊಸ ಕಾರುಗಳಲ್ಲಿ. ಕಪ್ಪು ಅಂಬಾಸಿಡರನ್ನು ಹಿತ್ತಲಿಗೆ ಸರಿಸಿ ತಾಡಪತ್ರಿ ಹೊದಿಸಿದ್ದರು.

ಕೆಲವು ತಿಂಗಳ ಮೇಲೆ ಅಣ್ಣಾರು ಟಿವಿಯನ್ನು ಟಂಟಂ ಆಟೋದಲ್ಲಿ ಹಾಕಿಸಿಕೊಂಡು ನಮ್ಮ ಮನೆಗೆ ತಂದರು. ಅದಕ್ಕೆ ಹಳೆಯ ಸೀರೆಯೊಂದನ್ನು ಸುತ್ತಿದ್ದರು.

"ಇದರದೇನು ತಪ್ಪಿಲ್ಲ ತಂಗಿ. ಆದ್ರ ಅದು ಎದುರಿಗೆ ಇದ್ದರ ನನಗ ಪಡಸಾಲ್ಯಾಗ ಕುಂದ್ರಾಕ ಆಗವಲ್ದು."

ನಾನು ಅದನ್ನು ಹಿತ್ತಲ ಖೋಲಿಯಲ್ಲಿ ಇಳಿಸಿಕೊಂಡೆ. ಸೀರೆ ಬಿಚ್ಚಿಲ್ಲ. ಆ ಖೋಲಿಗೆ ಹೋಗುವುದನ್ನೇ ಕಡಿಮೆ ಮಾಡಿದ್ದೇನೆ. ಯಾರಾದರೂ ರಿಪೇರಿಗೆ ಕೇಳಿದರೆ ಮಾಡಿಕೊಡುತ್ತೇನೆ. ಪರದೆಯಲ್ಲಿ ಬೆಳಕು ಬಂದಾಗ ಮೊದಲಿನಂತೆ ಎದೆ ಜಿಗಿಯುವುದಿಲ್ಲ.

ಮೊನ್ನೆ ಕಿತ್ತೂರಿನಲ್ಲಿ ಗುಂಪಿನವರು ಮತ್ತೆ ಸೇರಿದ್ದರು. ಹೋಗಲು ಮನಸ್ಸಿರಲಿಲ್ಲ. ಅಣ್ಣಾರು ಬರುತ್ತೇನೆ ಎಂದಿದ್ದರಿಂದ ಹೋದೆ. ಅವರು ಬಸ್ಸಿನಲ್ಲಿ ಬಂದಿಳಿದರು. ಸೊರಗಿದ್ದರು. ಕೋಟೆಯ ಹೊರಗೆ ಕಾರುಗಳ ಸಾಲು ನಿಂತಿತ್ತು, ಹುಡುಗ ಹುಡುಗಿಯರು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಹಲ್ಲಿನ ಡಾಕ್ಟರು ಬಂದು, "ಗಾಡಿ ಎಲ್ಲಿ ಅಣ್ಣಾರ? ಅದು ಇಲ್ಲದ ಸಾಲು ಬೋಳ ಕಾಣತೈತಿ" ಎಂದರು.

"ಕೊಟ್ಟೆ," ಎಂದರು ಅಣ್ಣಾರು. ಹೆದ್ದಾರಿಯ ಬದಿಗೆ ಹೊಸದಾಗಿ ಆದ ಊಟದ ಹೋಟೆಲಿನವನು ಬಂದು ಒಯ್ದಿದ್ದನಂತೆ. ಎಂಜಿನ್ನು ತೆಗೆದು, ಕಲ್ಲಿನ ಕಟ್ಟೆಯ ಮೇಲೆ ಕೂರಿಸಿ, ಸುತ್ತ ದೀಪದ ಸರ ಬಿಟ್ಟಿದ್ದಾನಂತೆ. ಉಂಡವರು ಅದರಲ್ಲಿ ಕೂತು ಫೋಟೋ ಹೊಡೆದುಕೊಳ್ಳುತ್ತಾರೆ.

ಕಾರಿನವರಿಗೆ ಎಂಜಿನ್ನು ತೆಗೆದ ಮಾತು ಸಾವಿನ ಸುದ್ದಿಯಂತೆ ಕೇಳಿಸುತ್ತದೆ. ಒಬ್ಬೊಬ್ಬರೇ ನಮ್ಮಿಂದ ದೂರ ಸರಿದರು.

ನಾವಿಬ್ಬರೂ ಬೈಲಹೊಂಗಲದವರೆಗೆ ಒಂದೇ ಬಸ್ಸಿನಲ್ಲಿ ಬಂದೆವು. ದಾರಿಯಲ್ಲಿ ಕೇಳಿದೆ, "ಬ್ಯಾಸರ ಆಗಲಿಲ್ಲೇನು ಕೊಡೋವಾಗ?"

"ಆಗಲಿಲ್ಲವಾ," ಎಂದರು. "ಆಗತೈತಿ ಅಂದ್ಕೊಂಡಿದ್ದೆ. ಕ್ರೇನ್ ಹಚ್ಚಿ ಎತ್ತಿದ್ರು. ನಾ ಒಳಗ ಬಂದು ಚಾ ಕುಡದೆ." ಟಿಕೀಟು ಮಡಚುತ್ತ ಮತ್ತೆ ಹೇಳಿದರು, "ಅವತ್ತ ಹೊಳಿ ದಂಡಿಗೆ ಆಕಿ ಅಪ್ಪನ್ನ ಕೇಳತೇನಿ ಅಂದಿದ್ದಳಲ್ಲ, ಕೇಳಿದ್ದರ ಅವರು ಏನ ಹೇಳತಿದ್ರೋ ಅಂತ ಒಮ್ಮೊಮ್ಮೆ ಕುಂತ ಕುಂತಲ್ಲೆ ಅನಸತೈತಿ."

ಬೈಲಹೊಂಗಲದ ಸ್ಟ್ಯಾಂಡಿನಲ್ಲಿ ಇಳಿದಾಗ ಮನೆಗೆ ಬಂದು ಉಂಡು ಹೋಗಿರಿ ಎಂದೆ. ಸೊಸೆ ಅಡುಗೆ ಮಾಡಿ ದಾರಿ ನೋಡುತ್ತಿರುತ್ತಾಳೆ, ಮತ್ತೊಮ್ಮೆ ಬರುತ್ತೇನೆ ಎಂದರು. ಸವದತ್ತಿಯ ಬಸ್ಸು ನಿಂತಿತ್ತು. ಜನ ನುಗ್ಗುತ್ತಿದ್ದರು. ಅವರು ಎಲ್ಲರೂ ಹತ್ತುವವರೆಗೆ ಕಾದು, ಕಂಬಿ ಹಿಡಿದು ನಿಧಾನವಾಗಿ ಹತ್ತಿದರು. ಕೂರಲು ಜಾಗ ಸಿಕ್ಕಿತೋ ಇಲ್ಲವೋ ಕೆಳಗಿನಿಂದ ಕಾಣಲಿಲ್ಲ.